ಮೂರೇ ರಾಜ್ಯ ಬಾಕಿ ಇದ್ದಾಗ

1972ರ ಮಾರ್ಚ್ 22ರಂದು ಅಮೆರಿಕದ ಸೆನೆಟ್ ಒಂದು ಸಂವಿಧಾನ ತಿದ್ದುಪಡಿಯನ್ನು 84ಕ್ಕೆ 8 ಮತಗಳಿಂದ ಅಂಗೀಕರಿಸಿತು. ಕಾನೂನಿನ ಸಮಾನ ಹಕ್ಕನ್ನು ಹೆಣ್ಣು, ಗಂಡು ಎಂಬ ಕಾರಣಕ್ಕೆ ಯಾರಿಗೂ ನಿರಾಕರಿಸುವಂತಿಲ್ಲ ಎಂಬುದು ಅದರ ಒಟ್ಟು ಸಾರ. ಅದರ ಹೆಸರು ‘ಈಕ್ವಲ್ ರೈಟ್ಸ್ ಅಮೆಂಡ್‌ಮೆಂಟ್’, ಜನರ ಬಾಯಲ್ಲಿ ‘ಇಆರ್‌ಎ’. ಅದೇ ದಿನ ಹವಾಯಿ ರಾಜ್ಯ ಒಪ್ಪಿಗೆ ಕೊಟ್ಟಿತು. ವರ್ಷ ತುಂಬುವಷ್ಟರಲ್ಲಿ ಒಪ್ಪಿದ ರಾಜ್ಯಗಳ ಸಂಖ್ಯೆ 30ಕ್ಕೆ ಮುಟ್ಟಿತು. 50 ರಾಜ್ಯಗಳ ಪೈಕಿ 38 ಒಪ್ಪಿದರೆ ಸಾಕಿತ್ತು, ಅದಕ್ಕೆ ಏಳು ವರ್ಷದ ಗಡುವಿತ್ತು. ರಿಪಬ್ಲಿಕನ್ ಪಕ್ಷ 1940ರಿಂದಲೂ ತನ್ನ ಪ್ರಣಾಳಿಕೆಯಲ್ಲಿ ಇದನ್ನು ಬೆಂಬಲಿಸುತ್ತ ಬಂದಿತ್ತು. ಅಧ್ಯಕ್ಷ ನಿಕ್ಸನ್ ಕೂಡ ಪರವಾಗಿದ್ದರು. ಇದು ಬಿದ್ದು ಹೋಗಬಹುದು ಎಂದು ವಾಷಿಂಗ್ಟನ್‌ನಲ್ಲಿ ಯಾರೂ ಅಂದುಕೊಂಡಿರಲಿಲ್ಲ.

ಆದರೆ ಆಮೇಲೆ ಸೇರಿದ್ದು ಐದೇ ರಾಜ್ಯ. 1977ರ ಜನವರಿಯಲ್ಲಿ ಇಂಡಿಯಾನಾ ಒಪ್ಪಿದ ಮೇಲೆ ಎಣಿಕೆ 35ಕ್ಕೆ ನಿಂತುಬಿಟ್ಟಿತು. ಮೊದಲು ಒಪ್ಪಿದ್ದ ಐದು ರಾಜ್ಯಗಳು ಕೊಟ್ಟ ಮಾತನ್ನು ಹಿಂದಕ್ಕೆ ಪಡೆದವು. ಇದರ ಹಿಂದೆ ಇದ್ದವರು ಇಲಿನಾಯ್ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ದಂಡೆಯ ಆಲ್ಟನ್ ಎಂಬ ಊರಿನಲ್ಲಿ ವಾಸವಾಗಿದ್ದ ಆರು ಮಕ್ಕಳ ತಾಯಿ ಫಿಲಿಸ್ ಶ್ಲಾಫ್ಲಿ. ಮೆಚ್ಚಿದವರು ಆಕೆಯನ್ನು ಕುಟುಂಬ ವ್ಯವಸ್ಥೆಯನ್ನು ಕಾಪಾಡಿದ ತಾಯಿ ಎಂದರು. ಸಿಟ್ಟಾದವರು ಹೆಣ್ಣುಕುಲಕ್ಕೇ ದ್ರೋಹ ಬಗೆದವರು ಎಂದರು. ನನಗೆ ಆಕೆ ಮೊದಲು ಕಾಣುವುದು ವಕೀಲೆಯಾಗಿ. ಸನದು ಸಿಗುವುದಕ್ಕೆ ಏಳು ವರ್ಷ ಮೊದಲೇ ಆಕೆ ದೇಶದ ಅತಿ ದೊಡ್ಡ ಮೊಕದ್ದಮೆಯೊಂದನ್ನು ಕೈಗೆತ್ತಿಕೊಂಡಿದ್ದರು.

ಹುಟ್ಟಿದ್ದು 1924ರ ಆಗಸ್ಟ್ 15, ಮಿಸೌರಿಯ ಸೇಂಟ್ ಲೂಯಿಸ್‌ನಲ್ಲಿ. ತಂದೆ ವೆಸ್ಟಿಂಗ್‌ಹೌಸ್ ಕಂಪನಿಯಲ್ಲಿದ್ದರು. ಆರ್ಥಿಕ ಮಹಾಕುಸಿತದ ಕಾಲದಲ್ಲಿ ಅವರ ಕೆಲಸ ಹೋಯಿತು. ಮನೆ ನಡೆದದ್ದು ತಾಯಿಯ ದುಡಿಮೆಯಿಂದ. ಆಕೆ ಪಾಠ ಹೇಳಿದರು, ಆಮೇಲೆ ಊರಿನ ಕಲಾ ಸಂಗ್ರಹಾಲಯದ ಗ್ರಂಥಪಾಲಕಿಯಾದರು. ಹೆಂಗಸಿನ ನಿಜವಾದ ಸ್ಥಾನ ಮನೆಯಲ್ಲಿ, ಆಕೆಯನ್ನು ಸಾಕುವ ಹೊಣೆ ಗಂಡಸಿನದು ಎಂದು ಮುಂದೆ ಅರ್ಧ ಶತಮಾನ ವಾದಿಸಿದ ಮಗಳು ಅಮ್ಮನ ಸಂಬಳದಲ್ಲಿ ಬೆಳೆದವಳು. ಇದನ್ನು ಹಂಗಿಸಲು ಹೇಳುತ್ತಿಲ್ಲ. ಗಂಡಸಿನ ಕೆಲಸ ಹೋದರೆ ಒಂದು ಸಂಸಾರಕ್ಕೆ ಏನಾಗುತ್ತದೆ ಎಂದು ಕಣ್ಣಾರೆ ಕಂಡ ಹುಡುಗಿಗೆ ಭದ್ರತೆ ಎಂಬುದು ಬರಿಯ ಮಾತಾಗಿರಲಿಲ್ಲ.

ಕಾಲೇಜಿನ ಫೀಸು ಹೊಂದಿಸಿಕೊಂಡದ್ದಂತೂ ಯುದ್ಧದ ಕೆಲಸದಿಂದ. ಸೇಂಟ್ ಲೂಯಿಸ್‌ನ ಮದ್ದುಗುಂಡು ಕಾರ್ಖಾನೆಯಲ್ಲಿ ರಾತ್ರಿ ಪಾಳಿ, ವಾರಕ್ಕೆ 48 ಗಂಟೆ. ತಯಾರಾದ ಗುಂಡುಗಳನ್ನು ರೈಫಲ್ಲಿಗೂ ಮೆಷಿನ್ ಗನ್ನಿಗೂ ತುಂಬಿ ಹಾರಿಸಿ ಪರೀಕ್ಷಿಸುವುದು ಆಕೆಯ ಕೆಲಸ. ಪಾಳಿ ಮುಗಿಸಿ ಬೆಳಿಗ್ಗೆ ವಾಷಿಂಗ್ಟನ್ ವಿಶ್ವವಿದ್ಯಾಲಯದ ತರಗತಿಗೆ ಹೋಗುತ್ತಿದ್ದರು. ಹೆಸರು ವಾಷಿಂಗ್ಟನ್ ಎಂದಿದ್ದರೂ ಅದು ಇರುವುದು ಸೇಂಟ್ ಲೂಯಿಸ್‌ನಲ್ಲೇ. 1944ರಲ್ಲಿ, ಇಪ್ಪತ್ತು ತುಂಬುವ ಮೊದಲೇ ಪದವಿ ಮುಗಿಸಿ, ಮರು ವರ್ಷ ರಾಡ್‌ಕ್ಲಿಫ್‌ನಲ್ಲಿ ರಾಜ್ಯಶಾಸ್ತ್ರದ ಎಂ.ಎ. ಪಡೆದರು. ಪಕ್ಕದಲ್ಲೇ ಇದ್ದ ಹಾರ್ವರ್ಡ್ ಕಾನೂನು ಶಾಲೆ ಆಗಿನ್ನೂ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಅದರ ಬಾಗಿಲು ತೆರೆದದ್ದು 1950ರಲ್ಲಿ. ಅಷ್ಟರಲ್ಲಿ ಈಕೆಗೆ ಮದುವೆಯಾಗಿತ್ತು. 1949ರಲ್ಲಿ ಕೈಹಿಡಿದ ಫ್ರೆಡ್ ಶ್ಲಾಫ್ಲಿ ಆಲ್ಟನ್‌ನ ಅನುಕೂಲಸ್ಥ ವಕೀಲ, ಆಕೆಗಿಂತ ಹದಿನೈದು ವರ್ಷ ದೊಡ್ಡವರು, ಆಕೆಯಂತೆಯೇ ಕಮ್ಯುನಿಸಂನ ಕಟ್ಟಾ ವಿರೋಧಿ.

1952ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ಗೆ ಸ್ಪರ್ಧಿಸಿ ಸೋತರು. 1970ರಲ್ಲಿ ಮತ್ತೆ ನಿಂತು ಮತ್ತೆ ಸೋತರು. ಚುನಾವಣೆ ಆಕೆಗೆ ಒಲಿಯಲೇ ಇಲ್ಲ. ಒಲಿದದ್ದು ಬರವಣಿಗೆ. 1964ರಲ್ಲಿ, ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಹುದ್ದೆಗೆ ನಿಲ್ಲಲು ಹೊರಟಿದ್ದ ಬ್ಯಾರಿ ಗೋಲ್ಡ್‌ವಾಟರ್ ಪರವಾಗಿ ‘ಎ ಚಾಯ್ಸ್ ನಾಟ್ ಆನ್ ಎಕೊ’ ಎಂಬ ಸಣ್ಣ ಪುಸ್ತಕ ಬರೆದು ಆಲ್ಟನ್‌ನಿಂದ ತಾವೇ ಪ್ರಕಟಿಸಿದರು. ರಿಪಬ್ಲಿಕನ್ ಅಭ್ಯರ್ಥಿ ಯಾರಾಗಬೇಕೆಂದು ನ್ಯೂಯಾರ್ಕ್‌ನ ಕೆಲವೇ ಹಣವಂತರು ತೀರ್ಮಾನಿಸುತ್ತಾರೆ, ಕಾರ್ಯಕರ್ತರು ಸುಮ್ಮನೆ ಚಪ್ಪಾಳೆ ತಟ್ಟಬೇಕು ಎಂಬುದು ಅದರ ದೂರು. ಅದು ಅಂಗಡಿಗಳಲ್ಲಿ ಮಾರಾಟವಾದದ್ದಕ್ಕಿಂತ ಹೆಚ್ಚಾಗಿ ಕಟ್ಟುಕಟ್ಟಾಗಿ ಕೈಯಿಂದ ಕೈಗೆ ಹಂಚಿಹೋಗಿ ಮೂವತ್ತು ಲಕ್ಷ ಪ್ರತಿ ಖರ್ಚಾಯಿತು. ಮೂರು ವರ್ಷದ ನಂತರ ಪಕ್ಷದ ಮಹಿಳಾ ಒಕ್ಕೂಟದ ಅಧ್ಯಕ್ಷ ಸ್ಥಾನಕ್ಕೆ ನಿಂತಾಗ ಪಕ್ಷದ ಹಿರಿಯರು ಗ್ಲಾಡಿಸ್ ಒ'ಡಾನೆಲ್ ಅವರನ್ನು ಎದುರು ನಿಲ್ಲಿಸಿ ಸೋಲಿಸಿದರು. ಆ ಚುನಾವಣೆಯಲ್ಲಿ ತಮ್ಮ ಜೊತೆ ನಿಂತಿದ್ದ ಹೆಂಗಸರ ವಿಳಾಸಗಳನ್ನು ಶ್ಲಾಫ್ಲಿ ಕೈಬಿಡಲಿಲ್ಲ. ಅವರಿಗೆಲ್ಲ ತಿಂಗಳಿಗೊಂದು ನಾಲ್ಕು ಪುಟದ ಪತ್ರಿಕೆ ಕಳಿಸತೊಡಗಿದರು. ಅದೇ ‘ಫಿಲಿಸ್ ಶ್ಲಾಫ್ಲಿ ರಿಪೋರ್ಟ್’.

ಅದರಲ್ಲಿ ಆಗ ಬರುತ್ತಿದ್ದದ್ದು ಹೆಚ್ಚಾಗಿ ಸೋವಿಯತ್ ಕ್ಷಿಪಣಿಗಳ ವಿಷಯ. ಚೆಸ್ಟರ್ ವಾರ್ಡ್ ಎಂಬ ನಿವೃತ್ತ ರಿಯರ್ ಅಡ್ಮಿರಲ್ ಜೊತೆ ಸೇರಿ ಅಣ್ವಸ್ತ್ರ ನೀತಿಯ ಬಗ್ಗೆ ದಪ್ಪ ದಪ್ಪ ಪುಸ್ತಕಗಳನ್ನೇ ಬರೆದವರು ಆಕೆ. ಮಹಿಳಾ ಪ್ರಶ್ನೆ ಆಕೆಯ ಕ್ಷೇತ್ರವಾಗಿರಲಿಲ್ಲ. 1971ರ ಕೊನೆಯಲ್ಲಿ ಒಂದು ಚರ್ಚೆಗೆ ಕರೆ ಬಂದ ನೆಪದಲ್ಲಿ ತಿದ್ದುಪಡಿಯ ಪಠ್ಯವನ್ನು ಓದಿದರು. 1972ರ ಫೆಬ್ರುವರಿ ಸಂಚಿಕೆಯಲ್ಲಿ ಅದರ ವಿರುದ್ಧ ಬರೆದರು. ಸೆನೆಟ್ ಮತ ಹಾಕಲು ಇನ್ನೂ ತಿಂಗಳಿಗೂ ಹೆಚ್ಚು ಕಾಲವಿತ್ತು.

ಆ ಬರಹದ ವರಸೆಯನ್ನು ಗಮನಿಸಬೇಕು. ಸಮಾನತೆ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಯಲ್ಲಿ ಆಕೆ ಗೆಲ್ಲುವಂತಿರಲಿಲ್ಲ. ಹಾಗಾಗಿ ಪ್ರಶ್ನೆಯನ್ನೇ ಬದಲಿಸಿದರು. ಈ ಒಂದು ಸಾಲು ನ್ಯಾಯಾಧೀಶರ ಮೇಜಿನ ಮೇಲೆ ಬಿದ್ದಾಗ ಏನಾಗುತ್ತದೆ? ಸೇನೆಗೆ ಕಡ್ಡಾಯ ಭರ್ತಿಯ ಕಾನೂನು ಗಂಡು ಹುಡುಗರಿಗೆ ಮಾತ್ರ ಅನ್ವಯಿಸುತ್ತದೆ. ಅದು ಉಳಿಯುತ್ತದೆಯೇ? ಗಂಡ ಹೆಂಡತಿಯನ್ನು ಸಾಕಬೇಕು ಎನ್ನುವ ರಾಜ್ಯ ಕಾನೂನುಗಳು ಏನಾಗುತ್ತವೆ? ವಿಧವೆಗೆ ಸಿಗುವ ಸಾಮಾಜಿಕ ಭದ್ರತೆಯ ಹಣ? ತಿದ್ದುಪಡಿಯ ಎರಡನೇ ಕಲಂ ಅದನ್ನು ಜಾರಿ ಮಾಡುವ ಅಧಿಕಾರವನ್ನು ಕಾಂಗ್ರೆಸ್‌ಗೆ ಕೊಡುತ್ತದಲ್ಲ, ಹಾಗಾದರೆ ಮದುವೆ, ವಿಚ್ಛೇದನದಂಥ ವಿಷಯಗಳೆಲ್ಲ ರಾಜ್ಯದ ಕೈತಪ್ಪಿ ವಾಷಿಂಗ್ಟನ್‌ಗೆ ಹೋಗುತ್ತವೆಯೇ? ಕೊನೆಯ ಪ್ರಶ್ನೆ ರಾಜ್ಯದ ಶಾಸಕರ ಮರ್ಮಕ್ಕೇ ತಾಗುವಂಥದ್ದು. ವಿಯೆಟ್ನಾಂ ಯುದ್ಧ ಇನ್ನೂ ಮುಗಿದಿರಲಿಲ್ಲ. ಹದಿನೆಂಟು ತುಂಬಿದ ಮಗಳಿಗೂ ಮಿಲಿಟರಿಯಿಂದ ಕಾಗದ ಬರಬಹುದು ಎಂಬ ಮಾತು ಯಾವ ತಾಯಿಗೂ ಬಿಡಿಸಿ ಹೇಳಬೇಕಾದ್ದಾಗಿರಲಿಲ್ಲ.

ತಿದ್ದುಪಡಿಯ ಪರ ಇದ್ದವರಿಗೆ ಇಲ್ಲಿ ಇಕ್ಕಟ್ಟಾಯಿತು. ಹೌದು, ಹುಡುಗಿಯರೂ ಸೇನೆಗೆ ಹೋಗಬೇಕಾಗುತ್ತದೆ ಎಂದರೆ ಜನ ಬೆಚ್ಚುತ್ತಿದ್ದರು. ಇಲ್ಲ ಎಂದರೆ ತಿದ್ದುಪಡಿಗೆ ಅರ್ಥವಿರುತ್ತಿರಲಿಲ್ಲ. ಅವರಲ್ಲಿ ಪ್ರಾಮಾಣಿಕರಾದವರು ಹೌದು ಎಂದೇ ಹೇಳಿದರು. ಅದಕ್ಕಾಗಿ ಅವರ ಬಗ್ಗೆ ನನಗೆ ಗೌರವವಿದೆ.

1972ರ ಶರತ್ಕಾಲದಲ್ಲಿ ‘ಸ್ಟಾಪ್ ಇಆರ್‌ಎ’ ಹುಟ್ಟಿತು, 1975ರಲ್ಲಿ ‘ಈಗಲ್ ಫೋರಂ’. ಶ್ಲಾಫ್ಲಿಯವರ ಕೈಚಳಕ ಇಲ್ಲಿ ಕಾಣುತ್ತದೆ. ಅಲ್ಲಿಯವರೆಗೆ ಒಂದೇ ಕೋಣೆಯಲ್ಲಿ ಕೂರದಿದ್ದ ಕ್ಯಾಥೊಲಿಕ್, ಇವ್ಯಾಂಜೆಲಿಕಲ್, ಮಾರ್ಮನ್ ಹೆಂಗಸರನ್ನು ಆಕೆ ಒಟ್ಟಿಗೆ ತಂದರು. ಜನ್ಮದಲ್ಲಿ ಮೈಕ್ ಹಿಡಿಯದವರಿಗೆ ಶಿಬಿರ ನಡೆಸಿ, ಶಾಸನಸಭೆಯ ಸಮಿತಿಯ ಮುಂದೆ ಹೇಗೆ ನಿಲ್ಲಬೇಕು, ಟಿ.ವಿ. ಕ್ಯಾಮೆರಾಕ್ಕೆ ಯಾವ ಬಣ್ಣದ ಉಡುಪು ಒಪ್ಪುತ್ತದೆ, ಎದುರಾಳಿ ಕೂಗಾಡಿದಾಗ ಮುಗುಳ್ನಗುತ್ತ ಇರುವುದು ಹೇಗೆ ಎಂದೆಲ್ಲ ಕಲಿಸಿದರು. ಅಣಕು ಚರ್ಚೆ ಮಾಡಿಸಿದರು. ಇಲಿನಾಯ್‌ನ ರಾಜಧಾನಿ ಸ್ಪ್ರಿಂಗ್‌ಫೀಲ್ಡ್‌ನ ಶಾಸನಭವನಕ್ಕೆ ಆ ಹೆಂಗಸರು ಮನೆಯಲ್ಲಿ ಸುಟ್ಟ ಬ್ರೆಡ್ಡು, ಮನೆಯಲ್ಲಿ ಕಾಯಿಸಿದ ಜಾಮು ಹಿಡಿದು ಹೋಗುತ್ತಿದ್ದರು. ಒಂದೊಂದು ಬ್ರೆಡ್ಡಿಗೂ ಚೀಟಿ ಅಂಟಿಸಿ ಒಬ್ಬೊಬ್ಬ ಶಾಸಕನ ಕೈಗಿಡುತ್ತಿದ್ದರು. ಆ ಶಾಸಕನಿಗೆ ಅಷ್ಟರಲ್ಲಿ ಅವನದೇ ಕ್ಷೇತ್ರದಿಂದ ಕಾಗದಗಳ ರಾಶಿ ಬಂದು ಬಿದ್ದಿರುತ್ತಿತ್ತು. ಎದುರು ಪಾಳಯದವರು ರಾಷ್ಟ್ರಮಟ್ಟದ ಪತ್ರಿಕೆ, ಟಿ.ವಿ.ಗಳನ್ನು ಗೆದ್ದಿದ್ದರು. ಈಕೆ ಕಣ್ಣಿಟ್ಟಿದ್ದದ್ದು ಹತ್ತು ಹದಿನೈದು ರಾಜ್ಯಗಳಲ್ಲಿ ಮತ ಅಲ್ಲಾಡಬಹುದಾಗಿದ್ದ ಬೆರಳೆಣಿಕೆಯ ಶಾಸಕರ ಮೇಲೆ.

ಇಲಿನಾಯ್‌ನ ಸದನದ ನಿಯಮವೂ ಆಕೆಗೆ ಒದಗಿಬಂತು. ಸಂವಿಧಾನ ತಿದ್ದುಪಡಿಗೆ ಅಲ್ಲಿ ಸರಳ ಬಹುಮತ ಸಾಲದು, ಐದರಲ್ಲಿ ಮೂರು ಪಾಲು ಮತ ಬೇಕು. ಮುಂದೆ ಸುಪ್ರೀಂ ಕೋರ್ಟಿಗೆ ಏರಿದ ಜಾನ್ ಪಾಲ್ ಸ್ಟೀವನ್ಸ್ ಇದ್ದ ಪೀಠವೇ 1975ರಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ವರ್ಷ ವರ್ಷವೂ ಅರ್ಧಕ್ಕಿಂತ ಹೆಚ್ಚು ಶಾಸಕರು ಒಪ್ಪುವುದು, ವರ್ಷ ವರ್ಷವೂ ತಿದ್ದುಪಡಿ ಬೀಳುವುದು ಹೀಗೆ ನಡೆಯಿತು.

ಭಾಷಣ ಶುರು ಮಾಡುವಾಗ, ತನ್ನನ್ನು ಇಲ್ಲಿಗೆ ಬರಲು ಬಿಟ್ಟಿದ್ದಕ್ಕೆ ಗಂಡ ಫ್ರೆಡ್‌ಗೆ ಕೃತಜ್ಞತೆ ಹೇಳುವುದು ಆಕೆಯ ರೂಢಿ. ಸ್ತ್ರೀವಾದಿಗಳಿಗೆ ಅದನ್ನು ಕೇಳಿದರೆ ಮೈಯುರಿಯುತ್ತದೆ ಎಂದು ಗೊತ್ತಿದ್ದೇ ಹೇಳುತ್ತಿದ್ದರು. 1973ರಲ್ಲಿ ಇಲಿನಾಯ್ ಸ್ಟೇಟ್ ಯೂನಿವರ್ಸಿಟಿಯ ಚರ್ಚೆಯಲ್ಲಿ ಸ್ತ್ರೀವಾದಿ ನಾಯಕಿ ಬೆಟ್ಟಿ ಫ್ರೀಡನ್ ತಾಳ್ಮೆಗೆಟ್ಟು, ನಿಮ್ಮನ್ನು ಕಂಬಕ್ಕೆ ಕಟ್ಟಿ ಸುಡಬೇಕು ಅನ್ನಿಸುತ್ತದೆ ಎಂದುಬಿಟ್ಟರು. ಶ್ಲಾಫ್ಲಿ ಸಿಟ್ಟಾಗಲಿಲ್ಲ, ಹಾಗೆ ಹೇಳಿದ್ದಕ್ಕೆ ಸಂತೋಷ ಎಂದರು. ಸಭೆ ಯಾರ ಕಡೆ ವಾಲಿರಬಹುದೆಂದು ಊಹಿಸುವುದು ಕಷ್ಟವಲ್ಲ. 1977ರ ನವೆಂಬರ್‌ನಲ್ಲಿ ಹೂಸ್ಟನ್‌ನಲ್ಲಿ ಸರ್ಕಾರದ ಖರ್ಚಿನಲ್ಲಿ ರಾಷ್ಟ್ರೀಯ ಮಹಿಳಾ ಸಮ್ಮೇಳನ ನಡೆಯಿತು. ಆಗಿನ ಅಧ್ಯಕ್ಷರ ಪತ್ನಿ ರೋಸಲಿನ್ ಕಾರ್ಟರ್ ಜೊತೆ ಹಿಂದಿನ ಅಧ್ಯಕ್ಷರ ಪತ್ನಿಯರಾದ ಬೆಟ್ಟಿ ಫೋರ್ಡ್, ಲೇಡಿ ಬರ್ಡ್ ಜಾನ್ಸನ್ ಕೂಡ ವೇದಿಕೆಯಲ್ಲಿದ್ದರು. ಅದೇ ಊರಿನ ಇನ್ನೊಂದು ಸಭಾಂಗಣದಲ್ಲಿ ಶ್ಲಾಫ್ಲಿಯ ಎದುರು ಸಭೆಗೆ ಸಾವಿರಾರು ಜನ ಬಸ್ಸು ಮಾಡಿಕೊಂಡು ಬಂದರು. ಅಮೆರಿಕದ ಧಾರ್ಮಿಕ ಬಲಪಂಥ ಒಂದು ರಾಜಕೀಯ ಶಕ್ತಿಯಾಗಿ ಕಣ್ಣಿಗೆ ಬಿದ್ದ ಮೊದಲ ಜಾಗಗಳಲ್ಲಿ ಅದೂ ಒಂದು.

ನೀವು ವಕೀಲರಲ್ಲ, ಕಾನೂನಿನ ಬಗ್ಗೆ ಹೇಗೆ ಮಾತಾಡುತ್ತೀರಿ ಎಂಬ ಚುಚ್ಚುಮಾತು ಈ ವರ್ಷಗಳಲ್ಲಿ ಪದೇ ಪದೇ ಬರುತ್ತಿತ್ತು. 1975ರಲ್ಲಿ, ಐವತ್ತೊಂದರ ವಯಸ್ಸಿನಲ್ಲಿ, ಆಕೆ ತಾವು ಓದಿದ್ದ ವಿಶ್ವವಿದ್ಯಾಲಯದ ಕಾನೂನು ಶಾಲೆಗೇ ಸೇರಿದರು. ಹೆಣ್ಣುಮಕ್ಕಳನ್ನು 1869ರಷ್ಟು ಹಿಂದೆಯೇ ಸೇರಿಸಿಕೊಂಡಿದ್ದ ಶಾಲೆ ಅದು. ಅಲ್ಲಿನ ಮೊದಲ ಪದವೀಧರೆ ಫೀಬಿ ಕಝಿನ್ಸ್ ಮತದಾನದ ಹಕ್ಕಿಗಾಗಿ ಊರೂರು ಸುತ್ತಿದವರು, ಕೊನೆಗಾಲದಲ್ಲಿ ಆ ಚಳವಳಿಗೇ ಬೆನ್ನು ಹಾಕಿದವರು. ಶ್ಲಾಫ್ಲಿ ಮಾತ್ರ ಆ ಮಟ್ಟಿಗೆ ಎಂದೂ ಬದಲಾಗಲಿಲ್ಲ. ಪಾಠದ ನಡುವೆಯೇ ದೇಶ ಸುತ್ತಿದರು, ಅಂಕಣ ಬರೆದರು, ಸಿಬಿಎಸ್ ರೇಡಿಯೊದಲ್ಲಿ ಮಾತಾಡಿದರು. 1978ರ ಡಿಸೆಂಬರ್‌ನಲ್ಲಿ ಪದವಿ, 1979ರಲ್ಲಿ ಇಲಿನಾಯ್‌ನ ಸನದು.

ಆಮೇಲೆ ಆಕೆಯ ವಾದಕ್ಕೆ ಸುಪ್ರೀಂ ಕೋರ್ಟೇ ಒಂದು ಬೆಂಬಲ ಕೊಟ್ಟಂತಾಯಿತು. 1981ರ ರಾಸ್ಟ್‌ಕರ್ ಮೊಕದ್ದಮೆಯಲ್ಲಿ ಕೋರ್ಟು, ಸೇನಾ ಭರ್ತಿಯ ನೋಂದಣಿಯಿಂದ ಹೆಣ್ಣುಮಕ್ಕಳನ್ನು ಹೊರಗಿಡುವುದು ಸಂವಿಧಾನಬದ್ಧ ಎಂದು 6–3ರಿಂದ ತೀರ್ಪಿತ್ತಿತು. ತಿದ್ದುಪಡಿ ಆಗ ಜಾರಿಯಲ್ಲಿದ್ದಿದ್ದರೆ ಇದೇ ತೀರ್ಪು ಬರುವುದು ಕಷ್ಟವಿತ್ತು. ಈ ಒಂದು ವಿಷಯದಲ್ಲಿ ಶ್ಲಾಫ್ಲಿ ಪಠ್ಯವನ್ನು ಸರಿಯಾಗಿಯೇ ಓದಿದ್ದರು. ತಿದ್ದುಪಡಿ ಬಂದರೆ ಗಂಡಸರಿಗೂ ಹೆಂಗಸರಿಗೂ ಒಂದೇ ಶೌಚಾಲಯ ಎಂಬಂಥ ಗುಲ್ಲನ್ನೂ ಆಕೆಯ ಪಾಳಯ ಜೊತೆಗೆ ಹಬ್ಬಿಸಿತು. ಅದು ಓದೂ ಅಲ್ಲ, ವಾದವೂ ಅಲ್ಲ.

ಆದರೆ ನನ್ನ ತಕರಾರು ಇರುವುದು ಆಕೆಯ ವಾದದ ಬುನಾದಿಯಲ್ಲೇ. ಅಮೆರಿಕದ ಗೃಹಿಣಿಗೆ ಗಂಡನಿಂದ ಸಾಕಿಸಿಕೊಳ್ಳುವ ಹಕ್ಕು ಕಾನೂನಿನಲ್ಲಿ ಗಟ್ಟಿಯಾಗಿದೆ, ಸಮಾನತೆಯ ಹೆಸರಿನಲ್ಲಿ ಅದನ್ನು ಕಿತ್ತುಕೊಳ್ಳುತ್ತಿದ್ದಾರೆ ಎಂದು ಆಕೆ ಲಕ್ಷಾಂತರ ಹೆಂಗಸರಿಗೆ ಹೇಳಿದರು. ಆ ಹಕ್ಕು ಎಷ್ಟು ಗಟ್ಟಿಯಾಗಿತ್ತು? 1953ರಲ್ಲಿ ನೆಬ್ರಾಸ್ಕಾ ಸುಪ್ರೀಂ ಕೋರ್ಟು ತೀರ್ಮಾನಿಸಿದ ಮೆಗ್ವಾಯರ್ ಮೊಕದ್ದಮೆಯನ್ನು ನೋಡಿ. ಅಮೆರಿಕದ ಕಾನೂನು ವಿದ್ಯಾರ್ಥಿಗಳು ಇವತ್ತಿಗೂ ಅದನ್ನು ಓದುತ್ತಾರೆ. ಮೂವತ್ತಕ್ಕೂ ಹೆಚ್ಚು ವರ್ಷ ಸಂಸಾರ ಮಾಡಿದ ರೈತನ ಹೆಂಡತಿ. ಗಂಡನಿಗೆ ಜಮೀನಿದೆ, ಬ್ಯಾಂಕಿನಲ್ಲಿ ಹಣವಿದೆ. ಮನೆಯಲ್ಲಿ ಬಚ್ಚಲಿಲ್ಲ, ಅಡುಗೆಮನೆಯಲ್ಲಿ ಸಿಂಕ್ ಇಲ್ಲ, ನೀರನ್ನು ಹೊರಗಿನಿಂದ ಹೊತ್ತು ತರಬೇಕು. ಓಡಾಟಕ್ಕೆ 1929ರ ಫೋರ್ಡ್ ಕಾರು, ಅದರ ಹೀಟರ್ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲ. ಆಕೆ ಜೀವನಾಂಶ ಕೇಳಿದಳು. ಕೆಳಗಿನ ಕೋರ್ಟು ಕೊಟ್ಟಿತು, ಮೇಲಿನ ಕೋರ್ಟು ತೆಗೆದುಹಾಕಿತು. ಗಂಡ ಹೆಂಡತಿ ಒಂದೇ ಸೂರಿನಡಿ ಬಾಳುತ್ತಿರುವ ತನಕ ಸಂಸಾರ ಹೇಗೆ ನಡೆಯಬೇಕೆಂಬುದು ಅವರಿಗೆ ಬಿಟ್ಟದ್ದು, ಕೋರ್ಟು ಕೈಹಾಕುವುದಿಲ್ಲ ಎಂದು ಹೇಳಿತು. ಸಾಕಬೇಕಾದ ಹೊಣೆ ಪುಸ್ತಕದಲ್ಲಿತ್ತು. ಅದನ್ನು ಕೇಳಿ ಪಡೆಯಬೇಕಾದರೆ ಹೆಂಡತಿ ಮನೆ ಬಿಟ್ಟು ಹೊರಡಬೇಕಿತ್ತು. ವಕೀಲರ ಮನೆಯಲ್ಲಿ ಬಾಳಿದ, ಸ್ವತಃ ಕಾನೂನು ಓದಿದ ಶ್ಲಾಫ್ಲಿಗೆ ಇದು ತಿಳಿಯದ ಸಂಗತಿಯಾಗಿರಲಾರದು. ನನಗೆ ಆಕೆಯನ್ನು ಸುಲಭವಾಗಿ ಕ್ಷಮಿಸಲಾಗದ ಜಾಗ ಇದು.

ಗೃಹಿಣಿಯರ ಅಂಜಿಕೆ ಮಾತ್ರ ನಿಜವಾದದ್ದು. ತಪ್ಪು ಹೊರಿಸದೆಯೇ ವಿಚ್ಛೇದನ ಪಡೆಯುವ ಕಾನೂನು ಆ ಹೊತ್ತಿಗೆ ರಾಜ್ಯದಿಂದ ರಾಜ್ಯಕ್ಕೆ ಹಬ್ಬುತ್ತಿತ್ತು. ಐವತ್ತು ದಾಟಿದ ಮೇಲೆ ಗಂಡ ಬಿಟ್ಟುಹೋದರೆ, ಜೀವಮಾನವಿಡೀ ಸಂಬಳದ ಕೆಲಸ ಮಾಡದ ಹೆಂಗಸಿಗೆ ದಿಕ್ಕೇನು? ಸ್ತ್ರೀವಾದಿ ಚಳವಳಿಯ ನಗರವಾಸಿ ನಾಯಕಿಯರಲ್ಲಿ ಹಲವರು ಈ ಪ್ರಶ್ನೆಗೆ ಬೇಗ ಕಿವಿಗೊಡಲಿಲ್ಲ. ಶ್ಲಾಫ್ಲಿ ಕಿವಿಗೊಟ್ಟರು, ಆದರೆ ಬೇರೆಯವರತ್ತ ಬೆರಳು ತೋರಿಸಿದರು. ಅಂಥ ವಿಚ್ಛೇದನದ ಕಾನೂನಿಗೆ 1969ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸಹಿ ಹಾಕಿದವರು ಗವರ್ನರ್ ರೊನಾಲ್ಡ್ ರೇಗನ್. ಅದೇ ರೇಗನ್‌ರನ್ನು ಅಧ್ಯಕ್ಷರನ್ನಾಗಿಸಲು ಆಕೆಯ ಸಂಘಟನೆ ಹಗಲಿರುಳು ದುಡಿಯಿತು. 1979ರಲ್ಲಿ, ತಿದ್ದುಪಡಿ ಇನ್ನೂ ಬಾಕಿ ಇದ್ದಾಗಲೇ, ಗಂಡ ಮಾತ್ರ ಜೀವನಾಂಶ ಕೊಡಬೇಕೆಂಬ ಅಲಬಾಮಾದ ಕಾನೂನನ್ನು ಸುಪ್ರೀಂ ಕೋರ್ಟು ಆರ್ ವಿರುದ್ಧ ಆರ್ ಮೊಕದ್ದಮೆಯಲ್ಲಿ ರದ್ದುಪಡಿಸಿತು. ಅದಕ್ಕೆ ಸಾಕಾದದ್ದು 1868ರ ಹಳೆಯ 14ನೇ ತಿದ್ದುಪಡಿ. ವಕೀಲೆ ರೂತ್ ಬೇಡರ್ ಗಿನ್ಸ್‌ಬರ್ಗ್ ಒಂದೊಂದೇ ಮೊಕದ್ದಮೆ ತಂದು ಅದೇ ತಿದ್ದುಪಡಿಯೊಳಗಿನಿಂದ ಸಮಾನತೆಯನ್ನು ಹೊರತೆಗೆಯುತ್ತಿದ್ದರು. ಶ್ಲಾಫ್ಲಿ ಮುಂಬಾಗಿಲಿಗೆ ಅಡ್ಡ ನಿಂತಿದ್ದಾಗ ಹಿತ್ತಿಲಿನಿಂದ ಅರ್ಧ ಸಾಮಾನು ಒಳಗೆ ಬಂದಾಗಿತ್ತು.

ಕಾಂಗ್ರೆಸ್ ವಿಸ್ತರಿಸಿದ್ದ ಗಡುವು 1982ರ ಜೂನ್ 30ಕ್ಕೆ ಮುಗಿಯಿತು. ಅದಕ್ಕೆ ಎರಡು ವರ್ಷ ಮೊದಲೇ ರಿಪಬ್ಲಿಕನ್ ಪಕ್ಷ ನಲವತ್ತು ವರ್ಷದ ಬೆಂಬಲವನ್ನು ಪ್ರಣಾಳಿಕೆಯಿಂದ ಕೈಬಿಟ್ಟಿತ್ತು. ಗೆದ್ದ ಹೆಂಗಸಿಗೆ ಗೆದ್ದ ಪಕ್ಷ ದೊಡ್ಡ ಹುದ್ದೆಯನ್ನೇನೂ ಕೊಡಲಿಲ್ಲ. 1985ರಲ್ಲಿ ಸಂವಿಧಾನದ ದ್ವಿಶತಮಾನೋತ್ಸವ ಆಯೋಗದಲ್ಲಿ ಒಂದು ಸದಸ್ಯತ್ವ ಸಿಕ್ಕಿತು. ಉಳಿದ ಮೂವತ್ತು ವರ್ಷ ಆಕೆ ವ್ಯಾಖ್ಯಾನಕಾರ್ತಿಯಾಗಿ ಬದುಕಿದರು. ನೂರರಷ್ಟು ಪತ್ರಿಕೆಗಳಲ್ಲಿ ಅಂಕಣ, 1983ರಿಂದ ನೂರಾರು ಕೇಂದ್ರಗಳಲ್ಲಿ ದಿನಕ್ಕೆ ಮೂರು ನಿಮಿಷದ ರೇಡಿಯೊ ಮಾತು, ಜೊತೆಗೆ ತಿಂಗಳು ತಪ್ಪದ ಆ ನಾಲ್ಕು ಪುಟ.

ಆ ಮಾತುಗಳಲ್ಲಿ ಕೆಲವನ್ನು ಇಂದು ಓದಿದರೆ ಸಂಕಟವಾಗುತ್ತದೆ. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ಎಂಬುದು ಸಚ್ಚರಿತ್ರೆಯ ಹೆಂಗಸರಿಗೆ ತೀರಾ ಅಪರೂಪಕ್ಕೆ ಬಿಟ್ಟರೆ ಸಮಸ್ಯೆಯೇ ಅಲ್ಲ ಎಂದು 1981ರಲ್ಲಿ ಸೆನೆಟ್ ಸಮಿತಿಯ ಮುಂದೆ ಹೇಳಿದರು. ಮದುವೆಯೊಳಗಿನ ಬಲಾತ್ಕಾರವನ್ನು ಅತ್ಯಾಚಾರ ಎನ್ನಲಾಗದು ಎಂದು 2007ರಲ್ಲೂ ಹೇಳಿದರು. ಕಿರುಕುಳ ಅನುಭವಿಸಿದವಳ ಮೇಲೇ ಗುಮಾನಿ ಹೊರಿಸುವ ಮೊದಲನೆಯ ಮಾತು ಹಳೆಯದು, ಕ್ರೂರವಾದದ್ದು. 2008ರಲ್ಲಿ ಆಕೆಯ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ಕೊಟ್ಟಾಗ ವಿದ್ಯಾರ್ಥಿಗಳು, ಅಧ್ಯಾಪಕರು ಎದ್ದು ಬೆನ್ನು ತಿರುಗಿಸಿ ನಿಂತದ್ದು ಸುಮ್ಮನೆ ಅಲ್ಲ.

2016ರ ಮಾರ್ಚ್‌ನಲ್ಲಿ, ತೊಂಬತ್ತೊಂದರ ಶ್ಲಾಫ್ಲಿ ಸೇಂಟ್ ಲೂಯಿಸ್‌ನ ವೇದಿಕೆಯೇರಿ ಡೊನಾಲ್ಡ್ ಟ್ರಂಪ್‌ಗೆ ಬೆಂಬಲ ಘೋಷಿಸಿದರು. ಪಕ್ಷದ ದೊಡ್ಡ ಕುಳಗಳ ಮೇಲೆ 1964ರಲ್ಲಿ ಹೊರಿಸಿದ್ದ ಆರೋಪಕ್ಕೂ ಇದಕ್ಕೂ ಇರುವ ನಂಟು ಆಕೆಯ ಓದುಗರಿಗೆ ಹೊಸದಾಗಿರಲಿಲ್ಲ. ಆದರೆ ಸಂಘಟನೆ ಇಬ್ಭಾಗವಾಯಿತು. ಮಗಳು ಆನ್, ಟ್ರಂಪ್‌ಗೆ ಪಕ್ಷದೊಳಗೆ ಪ್ರತಿಸ್ಪರ್ಧಿಯಾಗಿದ್ದ ಟೆಡ್ ಕ್ರೂಜ್ ಪರ ನಿಂತರು, ಗಂಡುಮಕ್ಕಳು ತಾಯಿಯ ಕಡೆ. ವ್ಯಾಜ್ಯ ಕೋರ್ಟು ಮೆಟ್ಟಿಲೇರಿತು. ಸೆಪ್ಟೆಂಬರ್ 5ರಂದು ಆಕೆ ತೀರಿಕೊಂಡರು. ಅಂತ್ಯಕ್ರಿಯೆಯಲ್ಲಿ ಟ್ರಂಪ್ ಮಾತಾಡಿದರು.

ಮರು ವರ್ಷ ನೆವಾಡಾ ತಿದ್ದುಪಡಿಯನ್ನು ಒಪ್ಪಿತು. 2018ರಲ್ಲಿ ಆಕೆಯದೇ ಇಲಿನಾಯ್ ಒಪ್ಪಿತು. 2020ರ ಜನವರಿಯಲ್ಲಿ ವರ್ಜೀನಿಯಾ 38ನೆಯದಾಯಿತು. ಹಾಗಾದರೆ ತಿದ್ದುಪಡಿ ಜಾರಿಗೆ ಬಂತೇ? 2025ರ ಜನವರಿಯಲ್ಲಿ ಅಧಿಕಾರ ಬಿಡುವ ಮುನ್ನ ಅಧ್ಯಕ್ಷ ಬೈಡನ್, ಜಾರಿಗೆ ಬಂದಿದೆ ಎಂದರು. ಅದನ್ನು ಪ್ರಕಟಿಸಬೇಕಾದ ರಾಷ್ಟ್ರೀಯ ಪತ್ರಾಗಾರದ ಮುಖ್ಯಸ್ಥೆ ಪ್ರಕಟಿಸಲಾಗದು ಎಂದಿದ್ದರು. ಈಗಿನ ಜಗಳವೆಲ್ಲ ಎರಡು ಪ್ರಶ್ನೆಗಳ ಮೇಲೆ. ಏಳು ವರ್ಷದ ಗಡುವು ಬರೆದಿರುವುದು ನಿರ್ಣಯದ ಪೀಠಿಕೆಯಲ್ಲಿ, ತಿದ್ದುಪಡಿಯ ಪಠ್ಯದಲ್ಲಲ್ಲ. ಅದು ರಾಜ್ಯಗಳನ್ನು ಕಟ್ಟಿಹಾಕುತ್ತದೆಯೇ? ಒಪ್ಪಿ ಆಮೇಲೆ ಹಿಂದೆ ಸರಿದ ಐದು ರಾಜ್ಯಗಳನ್ನು ಲೆಕ್ಕಕ್ಕೆ ಹಿಡಿಯಬೇಕೇ? 1981ರಲ್ಲಿ ಐಡಾಹೊದ ಫೆಡರಲ್ ನ್ಯಾಯಾಧೀಶರೊಬ್ಬರು ಹಿಂದೆ ಸರಿಯುವ ಹಕ್ಕು ರಾಜ್ಯಗಳಿಗೆ ಇದೆ ಎಂದಿದ್ದರು. ಮರು ವರ್ಷ ಗಡುವು ಮುಗಿದದ್ದರಿಂದ ಸುಪ್ರೀಂ ಕೋರ್ಟು ಆ ತೀರ್ಪನ್ನು ಬದಿಗಿಟ್ಟಿತು. ಅಂದಿನಿಂದ ಅದು ಈ ಪ್ರಶ್ನೆಯನ್ನು ಇತ್ಯರ್ಥ ಮಾಡಿಲ್ಲ.